ಈ ಗದ್ದಲ ಯಾರಪ್ಪನ ಸ್ವತ್ತು?

ಬಾಗ್ದಾದಿನ ಕೆಲವು ಹುಡುಗರು ಒಂದು ಹಾಡು ಕಟ್ಟಿದರು. ಕಟ್ಟಬೇಕೆನ್ನಿಸಿ ಕಟ್ಟಿದ್ದಲ್ಲ. ಕಟ್ಟದಿದ್ದರೆ ವೇದಿಕೆ ಹತ್ತಲು ಬಿಡುತ್ತಿರಲಿಲ್ಲ. ಹಾಡಿನ ಹೆಸರು 'ಇರಾಕಿನ ಯುವಜನ'. ಒಳಗಿದ್ದದ್ದು ಸದ್ದಾಂ ಹುಸೇನನ ಹೊಗಳಿಕೆ. ನಿಮ್ಮ ಹಾಡು ಹಾಡಬೇಕೇ, ಮೊದಲು ದೊರೆಯ ಹಾಡು ಹಾಡಿ. ಸಂತೆಗೆ ಬಂದ ಬುಟ್ಟಿಗೆ ಸುಂಕ ಇರುವ ಹಾಗೆ ಗಂಟಲಿಗೂ ಸುಂಕ.

ಆ ತಂಡದ ಹೆಸರು ಅಕ್ರಾಸಿಕಾಡ. ಮರಳುಗಾಡಿನ ಒಂದು ಬಗೆಯ ಕರಿಚೇಳಿಗೆ ಪ್ರಾಣಿಶಾಸ್ತ್ರದವರು ಇಟ್ಟ ಲ್ಯಾಟಿನ್ ಹೆಸರಿನಿಂದ ಎತ್ತಿಕೊಂಡದ್ದು. ತಂಡ ಹುಟ್ಟಿದ್ದು 2001ರಲ್ಲಿ. ಫೈಸಲ್ ತಲಾಲ್, ಫಿರಾಸ್ ಅಲ್-ಲತೀಫ್, ಟೋನಿ ಅಜೀಜ್, ಮರ್ವಾನ್ ರಿಯಾದ್. ಮೊದಲು ವಲೀದ್ ಎಂಬ ಇನ್ನೊಬ್ಬ ಹಾಡುತ್ತಿದ್ದ. ಅವನು ಬಿಟ್ಟುಹೋದ ಮೇಲೆ ಗಿಟಾರು ಬಾರಿಸುತ್ತಿದ್ದ ಫೈಸಲನೇ ಹಾಡಿಗೂ ನಿಂತ. ನುಡಿಸುತ್ತಿದ್ದದ್ದು ಹೆವಿ ಮೆಟಲ್.

ಈ ಹುಡುಗರ ಕಥೆಯನ್ನು ಪಶ್ಚಿಮದ ಪತ್ರಿಕೆಗಳು ಎಷ್ಟೋ ಸಲ ಬರೆದವು. ಬಹಳ ಸಲ ಬರೆದ ರೀತಿ ಒಂದೇ. ಒಬ್ಬ ಸರ್ವಾಧಿಕಾರಿ ಇದ್ದ, ಹಾಡಲು ಬಿಡಲಿಲ್ಲ. ಆಮೇಲೆ ಮತಾಂಧರು ಬಂದರು, ಬದುಕಲು ಬಿಡಲಿಲ್ಲ. ಕೊನೆಗೆ ಅಮೆರಿಕ ಕೈಹಿಡಿದು ಕರೆದುಕೊಂಡಿತು, ಹುಡುಗರು ಸ್ವಾತಂತ್ರ್ಯದಲ್ಲಿ ಗಿಟಾರು ಬಾರಿಸಿದರು. ಶುಭಂ. ನಾನು ಪೆನ್ನು ಹಿಡಿದಿರುವುದೇ ಈ ಶುಭಂ ಮೇಲೆ ಜಗಳ ತೆಗೆಯುವುದಕ್ಕೆ.

ಅದಕ್ಕೂ ಮೊದಲು ನಮ್ಮವರದೇ ಒಂದು ಜಗಳ ಮುಗಿಸಬೇಕು. ಈ ವಿಷಯ ಬರೆಯುತ್ತೇನೆ ಅಂದಾಗ ಗೆಳೆಯರಾದ ಒಬ್ಬ ಮೇಷ್ಟ್ರು ನಕ್ಕುಬಿಟ್ಟರು. "ಅಲ್ಲಾ ಮಾರಾಯಾ, ಜುಟ್ಟು ಬಿಟ್ಟುಕೊಂಡು ಕರೀ ಅಂಗಿ ಹಾಕ್ಕೊಂಡು ಕಿರುಚೋ ಸಾಹುಕಾರರ ಮಕ್ಕಳ ಕಷ್ಟ ಕಟ್ಟಿಕೊಂಡು ನಿನಗೇನಾಗಬೇಕು?" ಅಂತ. ಕೇಳಬೇಕಾದ ಪ್ರಶ್ನೆಯೇ. ಮೇಷ್ಟ್ರೇ, ಈ ಗದ್ದಲ ಎಲ್ಲಿ ಹುಟ್ಟಿತು ಗೊತ್ತೇನು? ಅರಮನೆಯಲ್ಲಲ್ಲ, ಸಂಗೀತ ಶಾಲೆಯಲ್ಲೂ ಅಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಎಂಬ ಕಾರ್ಖಾನೆಗಳ ಊರಿನಲ್ಲಿ. ಟೋನಿ ಅಯೋಮಿ ಎಂಬ ಹದಿನೇಳರ ಹುಡುಗ ತಗಡು ಕತ್ತರಿಸುವ ಕಾರ್ಖಾನೆಯಲ್ಲಿ ಕೂಲಿ. ಕೆಲಸ ಬಿಡುವ ಕಡೆಯ ದಿನ ಯಂತ್ರ ಅವನ ಬಲಗೈಯ ಎರಡು ಬೆರಳ ತುದಿಗಳನ್ನು ತಿಂದುಹಾಕಿತು. ಅವನು ಎಡಚ, ಗಿಟಾರಿನ ತಂತಿ ಒತ್ತುವ ಕೈಯೇ ಬಲಗೈ. ಮುಗಿಯಿತು ಅನ್ನಬೇಕು. ಆದರೆ ಹುಡುಗ ಪಾತ್ರೆ ತೊಳೆಯುವ ಸೋಪುನೀರಿನ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ, ಮೇಲೆ ಚರ್ಮ ಅಂಟಿಸಿಕೊಂಡ. ಬಿಗಿ ತಂತಿ ಒತ್ತಿದರೆ ನೋವು. ತೆಳು ತಂತಿ ಹಾಕಿದ, ಬರಬರುತ್ತಾ ತಂತಿಗಳನ್ನು ಸಡಿಲಿಸಿದ. ಸಡಿಲ ತಂತಿಯಿಂದ ಒಂದು ಭಾರವಾದ, ಕೆಳದನಿಯ, ಎದೆಗೂಡಿಗೆ ಗುದ್ದುವ ಸದ್ದು ಬಂತು. ತಮಟೆಯ ಮಗ್ಗುಲಲ್ಲಿ ನಿಂತವನಿಗೆ ಕಿವಿಗಿಂತ ಮೊದಲು ಪಕ್ಕೆಲುಬಿಗೆ ಕೇಳಿಸುತ್ತದಲ್ಲ, ಹಾಗೆ. ಅವನ ತಂಡ ಬ್ಲ್ಯಾಕ್ ಸಬ್ಬತ್. ಅದರ ಹಾಡುಗಾರ ಆಜಿ ಆಸ್ಬರ್ನ್ ಕಸಾಯಿಖಾನೆಯಲ್ಲಿ ಕೆಲಸ ಮಾಡಿ ಬಂದವನು. 1970ರಲ್ಲೇ ಅವರು ಯುದ್ಧ ಹೂಡುವ ದಂಡನಾಯಕರ ಮುಖಕ್ಕೆ ಉಗಿಯುವ ಹಾಡು ಹಾಡಿದರು. ಅಮೆರಿಕ ವಿಯೆಟ್ನಾಂ ಸುಡುತ್ತಿದ್ದ ಕಾಲ ಅದು.

ಹೆವಿ ಮೆಟಲ್ ಅಂದರೆ ಇದು ಮೇಷ್ಟ್ರೇ. ಕೂಲಿಯ ಕತ್ತರಿಸಿದ ಬೆರಳಿನಿಂದ ಹುಟ್ಟಿದ ನಾದ. ಆಮೇಲೆ ಅದನ್ನು ಕಂಪನಿಗಳು ಕೊಂಡವು, ಕೋಟ್ಯಂತರ ಡಾಲರು ಬಾಚಿದವು ಅನ್ನುವುದೂ ನಿಜ. ಯಾವುದನ್ನು ತಾನೇ ಅವರು ಕೊಂಡುಕೊಂಡಿಲ್ಲ?

ಇನ್ನು ಬಾಗ್ದಾದಿನ ಹುಡುಗರು. ಅವರು ಕಾರ್ಖಾನೆ ಕೂಲಿಗಳಲ್ಲ, ಓದುಬರಹ ಬಲ್ಲ ನಗರದ ಮಕ್ಕಳು. ಅದನ್ನು ಮುಚ್ಚಿಡುವುದು ಬೇಡ. ಆದರೆ ಅವರು ಬೆಳೆದ ಬಾಗ್ದಾದು ಎಂಥದ್ದು? 1990ರ ಆಗಸ್ಟಿನಲ್ಲಿ ಸದ್ದಾಂ ಕುವೈತಿಗೆ ನುಗ್ಗಿದ. ನಾಲ್ಕೇ ದಿನಕ್ಕೆ ವಿಶ್ವಸಂಸ್ಥೆ ಇರಾಕಿನ ಮೇಲೆ ವ್ಯಾಪಾರದ ದಿಗ್ಬಂಧನ ಹೇರಿತು. ಅದು ತೆರವಾದದ್ದು 2003ರ ಮೇ ತಿಂಗಳಲ್ಲಿ. ಹದಿಮೂರು ವರ್ಷ! ಒಂದು ಮಗು ಅಕ್ಷರ ಕಲಿತು ಹೈಸ್ಕೂಲು ಮುಟ್ಟುವಷ್ಟು ಕಾಲ. ಔಷಧಿ ಇಲ್ಲ, ದಿನಾರಿಗೆ ಬೆಲೆ ಇಲ್ಲ, ಮೇಷ್ಟ್ರ ಸಂಬಳ ಮೊಟ್ಟೆಗೆ ಸಾಲದು. ದಿಗ್ಬಂಧನ ಅರಮನೆಯ ಊಟ ಕಡಿಮೆ ಮಾಡಿತೇ? ಇಲ್ಲ. ಅನುಭವಿಸಿದವರು ಪಡಿತರ ಚೀಟಿಯವರು. ಅಂಥ ಊರಿನಲ್ಲಿ ನಕಲಿ ಕ್ಯಾಸೆಟ್ಟು ಕೇಳಿ ಕೇಳಿ ಗಿಟಾರು ಕಲಿತವರು ಇವರು. ಇಂಗ್ಲಿಷನ್ನೂ ಬಹುಪಾಲು ಹಾಡಿನಿಂದಲೇ ಕಲಿತವರು.

ಸದ್ದಾಮನ ಸರ್ಕಾರಕ್ಕೆ ಪಶ್ಚಿಮದ ಸಂಗೀತ ಕಂಡರೆ ಆಗುತ್ತಿರಲಿಲ್ಲ ಅಂತ ಬರೆದವರಿದ್ದಾರೆ. ಅರ್ಧ ಸುಳ್ಳು. ಸದ್ದಾಮನ ಹಿರಿಮಗ ಉದಯ್, ಆ ಕ್ರೂರಿ, ಸ್ವತಃ ಒಂದು ರೇಡಿಯೋ ನಡೆಸುತ್ತಿದ್ದ. 'ಯುವಜನರ ದನಿ' ಅಂತ. ಅದರಲ್ಲಿ ಇಂಗ್ಲಿಷ್ ಹಾಡುಗಳು ಧಾರಾಳವಾಗಿ ಬರುತ್ತಿದ್ದವು. ಅಂದರೆ ದೊರೆಮಗ ಹಾಕಿದರೆ ಸಂಗೀತ. ನಾಲ್ಕು ಹುಡುಗರು ನೆಲಮಾಳಿಗೆಯಲ್ಲಿ ಬಾರಿಸಿದರೆ ಅನುಮಾನ. ಉದ್ದ ಕೂದಲಿನ ಮೇಲೆ ಕಣ್ಣು. ತಲೆ ಕೊಡವಿ ಕುಣಿಯುವುದು ಯೆಹೂದಿಗಳ ಪ್ರಾರ್ಥನೆಯ ಹಾಗೆ ಕಾಣುತ್ತದೆ ಅಂತ ಅದಕ್ಕೂ ತಡೆಯಿತ್ತೆಂದು ಹುಡುಗರೇ ಹೇಳಿಕೊಂಡಿದ್ದಾರೆ. ಸರ್ವಾಧಿಕಾರಿಗೆ ಸದ್ದಿನ ಮೇಲೆ ದ್ವೇಷವಿಲ್ಲ ಕಣ್ರೀ. ಮೆರವಣಿಗೆ, ಬ್ಯಾಂಡು, ಭಾಷಣ, ತುಪಾಕಿ, ಅವನಷ್ಟು ಸದ್ದು ಮಾಡುವವರು ಇನ್ಯಾರು? ತನ್ನ ಅಪ್ಪಣೆ ಇಲ್ಲದೆ ಎದ್ದ ಸದ್ದನ್ನು ಅವನು ಸಹಿಸಲಾರ. ಹಾಗಾಗಿ ಅವನು ನಿಷೇಧಿಸುವುದಕ್ಕಿಂತ ಹೆಚ್ಚಾಗಿ ಸಹಿ ಹಾಕಿಸಿಕೊಳ್ಳುತ್ತಾನೆ. 'ಇರಾಕಿನ ಯುವಜನ' ಅಂಥ ಸಹಿ.

ಆ ಹಾಡು ಹಾಡಿದ್ದಕ್ಕೆ ಹುಡುಗರನ್ನು ಹೇಡಿಗಳು ಅನ್ನುವವರು ಇರಬಹುದು. ಅನ್ನಲಿ. ತುಟಿಯಲ್ಲಿ ಹೊಗಳಿ ಬೆರಳಲ್ಲಿ ಬೈದವರು ಎಷ್ಟು ಜನ ಇಲ್ಲ? ನನಗೆ ಆ ಹಾಡಿನ ಬಗ್ಗೆ ಸಿಟ್ಟಿಲ್ಲ. ಸುಂಕದ ಕಟ್ಟೆಯ ಮೇಲೆ ಸಿಟ್ಟಿದೆ.

2003ರ ಮಾರ್ಚ್ 20ರಂದು ಅಮೆರಿಕ ಇರಾಕಿನ ಮೇಲೆ ಬಿತ್ತು. ಏಪ್ರಿಲ್ 9ಕ್ಕೆ ಬಾಗ್ದಾದಿನ ಚೌಕದಲ್ಲಿ ಸದ್ದಾಮನ ಪ್ರತಿಮೆ ಉರುಳಿತು. ಸುಂಕದ ಕಟ್ಟೆ ಬಿತ್ತಲ್ಲ, ಇನ್ನು ಹುಡುಗರು ಹಾಡಬಹುದಲ್ಲ?

ಇಲ್ಲಿಂದ ಮುಂದೆ, ಸಂಗಾತಿಗಳೇ, ಸ್ವಲ್ಪ ನಿಧಾನವಾಗಿ ಓದಿ. ಅದೇ 2003ರ ಮೇ ತಿಂಗಳಲ್ಲಿ ಬಿಬಿಸಿ ಒಂದು ಸುದ್ದಿ ಕೊಟ್ಟಿತು. ಇರಾಕಿನ ಕೈದಿಗಳ ಬಾಯಿ ಬಿಡಿಸಲು ಅಮೆರಿಕದ ಸೈನ್ಯ ಅವರಿಗೆ ನಿದ್ದೆ ಮಾಡಲು ಬಿಡದೆ ಗಂಟೆಗಟ್ಟಲೆ ದೊಡ್ಡ ದನಿಯಲ್ಲಿ ಹಾಡು ಕೇಳಿಸುತ್ತಿದೆ ಅಂತ. ಯಾವ ಹಾಡು? ಒಂದು, ಅಮೆರಿಕದ ಎಳೆ ಮಕ್ಕಳಿಗಾಗಿ ಟಿವಿಯಲ್ಲಿ ಬರುವ ಪ್ರೀತಿಯ ಹಾಡು. ಇನ್ನೊಂದು, ಮೆಟಾಲಿಕಾ ತಂಡದ ಹೆವಿ ಮೆಟಲ್! ಮೆಟಾಲಿಕಾ ಯಾರು? ಅಕ್ರಾಸಿಕಾಡದ ಹುಡುಗರು ಯಾರ ಹಾಡು ಕೇಳಿ ಬೆರಳು ತಿದ್ದಿಕೊಂಡರೋ, ಯಾರ ಹಾಡುಗಳನ್ನು ತಮ್ಮ ವೇದಿಕೆಯಲ್ಲಿ ಹಾಡುತ್ತಿದ್ದರೋ ಅದೇ ತಂಡ. ಊರಿನ ಒಂದು ನೆಲಮಾಳಿಗೆಯಲ್ಲಿ ಹುಡುಗರು ಉಸಿರಾಡುವುದಕ್ಕೆ ಆ ಹಾಡು ಬಾರಿಸುತ್ತಿದ್ದರೆ, ಅದೇ ದೇಶದ ಇನ್ನೊಂದು ಮೂಲೆಯ ಕೋಣೆಯಲ್ಲಿ ಅದೇ ತಂಡದ ಹಾಡಿನಿಂದ ಒಬ್ಬ ಮನುಷ್ಯನ ನಿದ್ದೆ ಕೊಲ್ಲುತ್ತಿದ್ದರು. ಮೈಮೇಲೆ ಬಾಸುಂಡೆ ಇಲ್ಲ, ರಕ್ತ ಇಲ್ಲ, ಫೋಟೋ ತೆಗೆದರೆ ಏನೂ ಕಾಣುವುದಿಲ್ಲ. ಎಂಥಾ ಜಾಣ ಚಾಟಿ!

ಅಷ್ಟಕ್ಕೇ ನಿಲ್ಲಲಿಲ್ಲ. 2004ರ ಏಪ್ರಿಲಿನಲ್ಲಿ ಫಲ್ಲೂಜಾ ನಗರಕ್ಕೆ ಮುತ್ತಿಗೆ ಹಾಕಿದಾಗ ಸೈನ್ಯದ ಧ್ವನಿವರ್ಧಕಗಳು ಎಸಿ/ಡಿಸಿ ತಂಡದ ರಾಕ್ ಹಾಡುಗಳನ್ನು ಮನೆಗಳ ಕಡೆ ಬಾಯಿ ಮಾಡಿ ಅರಚಿದವು. ಸಿಪಾಯಿಗಳು ಫಲ್ಲೂಜಾ ಹೆಸರಿಗೆ ಅಮೆರಿಕದ ಒಂದು ಸಂಗೀತ ಮೇಳದ ಹೆಸರು ಜೋಡಿಸಿ ತಮಾಷೆ ಮಾಡಿಕೊಂಡರು. ಒಳಗೆ ಮುದುಕರಿದ್ದರು, ಬಸುರಿಯರಿದ್ದರು. ಅವರ ಪಾಲಿಗೆ ರಾಕ್ ಅಂದರೆ ಏನು? ಟ್ಯಾಂಕಿನ ಹಿಂದಿನಿಂದ ಬರುವ ಸದ್ದು. ಆ ಸದ್ದನ್ನು ಸಾಯುವ ತನಕ ಅವರು ಹಾಗೆಯೇ ನೆನೆಯುತ್ತಾರೆ.

ಈಗ ಯೋಚನೆ ಮಾಡಿ. ಅಂಥ ದೇಶದಲ್ಲಿ ನಾಲ್ಕು ಹುಡುಗರು ಅದೇ ಗಿಟಾರು ಹೊತ್ತುಕೊಂಡು ಬೀದಿಗೆ ಬಂದರೆ ಜನ ಏನು ತಿಳಿಯಬೇಕು? ಇವರು ಆ ಟ್ಯಾಂಕಿನವರ ಕಡೆಯವರು ಅಂತಲೇ ತಿಳಿಯುತ್ತಾರೆ. ಹುಡುಗರ ಬೆನ್ನ ಮೇಲೆ ಗುರಿ ಬರೆದದ್ದು ಬರೀ ಮೌಲ್ವಿಯಲ್ಲ. ಫಲ್ಲೂಜಾದ ಧ್ವನಿವರ್ಧಕವೂ ಬರೆಯಿತು. ಬೆದರಿಕೆಗಳು ಬಂದವು. ಸೈತಾನನ ಆರಾಧಕರು, ಅಮೆರಿಕದ ಬಾಲಬಡುಕರು. ಗಡ್ಡದ ಕತ್ತರಿಕೆ ನೋಡಿ, ಅಂಗಿಯ ಮೇಲಿನ ಚಿತ್ರ ನೋಡಿ ಕೊಲ್ಲುವ ದಿನ ಬಂತು. ಕೊಲ್ಲುವವರಿಗೆ ನಾನು ಕ್ಷಮೆ ಕೊಡುತ್ತಿಲ್ಲ. ದೇವರ ಹೆಸರಲ್ಲಿ ಹುಡುಗರ ಕತ್ತು ಹುಡುಕುವವರಿಗೆ ಸಾಮ್ರಾಜ್ಯಶಾಹಿ ವಿರೋಧಿ ಎಂಬ ಬಿರುದು ಕೊಡುವ ಮೂರ್ಖತನ ನಮ್ಮಲ್ಲಿ ಕೆಲವರಿಗುಂಟು. ಅವರಿಗೂ ಇದನ್ನು ಹೇಳುತ್ತಿದ್ದೇನೆ. ಸೆರೆಯವನ ಕಿವಿಗೆ ಹಾಡು ಸುರಿದವನು, ಹಾಡುವವನ ಕತ್ತಿಗೆ ಕೈ ಹಾಕಿದವನು, ಇಬ್ಬರೂ ಒಂದೇ ಮಾತು ಒಪ್ಪಿಕೊಂಡಿದ್ದರು: ಈ ಸಂಗೀತ ಅಮೆರಿಕದ ಆಸ್ತಿ. ಬರ್ಮಿಂಗ್‌ಹ್ಯಾಮಿನ ತಗಡು ಕಾರ್ಖಾನೆ ಇಬ್ಬರಿಗೂ ಗೊತ್ತಿರಲಿಲ್ಲ.

2005ರ ಜುಲೈಯಲ್ಲಿ ಬಾಗ್ದಾದಿನ ಅಲ್-ಫನಾರ್ ಹೋಟೆಲಿನಲ್ಲಿ ಅವರ ಒಂದು ಕಾರ್ಯಕ್ರಮ ಆಯಿತು. ವೈಸ್ ಎಂಬ ಪತ್ರಿಕೆಯವರು ಅದರ ಚಿತ್ರ ತೆಗೆಸಿದರು. ಕರ್ಫ್ಯೂ ಇದ್ದದ್ದರಿಂದ ಹಗಲು ಹೊತ್ತಲ್ಲೇ ಹಾಡಬೇಕು. ಕರೆಂಟು ಕೈಕೊಡುತ್ತಿತ್ತು. ಕೇಳಲು ಬಂದವರು ಬೆರಳೆಣಿಕೆಯ ಹುಡುಗರು, ಬಂದದ್ದೇ ಅವರ ಧೈರ್ಯ. ಒಂದು ಹಾಡು ಕೇಳಲು ಹೋಗಿ ಮನೆಗೆ ಬರುತ್ತೇನೋ ಇಲ್ಲವೋ ಗೊತ್ತಿಲ್ಲದೆ ಹೋಗುವುದು ಎಂದರೆ ಏನು, ನಾವು ಸಭೆಗೆ ಬಸ್ಸು ತಪ್ಪಿತು ಅಂತ ಹೋಗದವರು ಹೇಗೆ ಬಲ್ಲೆವು!

2006ರ ಫೆಬ್ರವರಿಯಲ್ಲಿ ಸಮಾರಾದ ಸುವರ್ಣ ಮಸೀದಿಯ ಗುಮ್ಮಟಕ್ಕೆ ಬಾಂಬು ಇಟ್ಟರು. ಶಿಯಾ ಸುನ್ನಿ ಕೊಲೆಗಳು ಬೀದಿಬೀದಿಗೆ ಇಳಿದವು. ಅವರ ಅಭ್ಯಾಸದ ನೆಲಮಾಳಿಗೆ ಇದ್ದ ಕಟ್ಟಡವೂ ಸ್ಫೋಟಕ್ಕೆ ಸಿಕ್ಕಿ ನೆಲಸಮವಾಯಿತು. ಒಳಗಿದ್ದ ವಾದ್ಯಗಳೂ ಹೋದವು. ಸದ್ದಾಮನ ಕಾಲದಲ್ಲಿ ಆ ಕೋಣೆ ಉಳಿದಿತ್ತು ಅನ್ನುವುದನ್ನು ಮರೆಯಬಾರದು. ಸದ್ದಾಮನೇ ಮೇಲು ಅಂತ ನಾನು ಹೇಳಿದೆನೆಂದು ಯಾರಾದರೂ ಕೂಗಿದರೆ ಅವರಿಗೆ ಓದಲು ಬರುವುದಿಲ್ಲ ಅಂತ ಅರ್ಥ. ಇಬ್ಬರ ಲೆಕ್ಕವನ್ನೂ ಒಂದೇ ಪುಸ್ತಕದಲ್ಲಿ ಬರೆಯಿರಿ ಅನ್ನುತ್ತಿದ್ದೇನೆ, ಅಷ್ಟೇ. ಒಬ್ಬ ಗಂಟಲಿಗೆ ಸುಂಕ ಹಾಕಿದ. ಇನ್ನೊಬ್ಬ ಬಿಡುಗಡೆ ತಂದೆ ಅಂತ ಹೇಳಿ ಮನೆ, ಕೋಣೆ, ಊರು, ದೇಶ ನಾಲ್ಕನ್ನೂ ಕಳೆದ.

ಹುಡುಗರು ದಮಾಸ್ಕಸಿಗೆ ಓಡಿದರು. ಆ ಹೊತ್ತಿಗೆ ಸಿರಿಯಾದಲ್ಲಿ ಹತ್ತು ಲಕ್ಷಕ್ಕೂ ಮೀರಿ ಇರಾಕಿಗಳು ತುಂಬಿದ್ದರು. ಕೆಲಸ ಮಾಡಲು ಪರವಾನಗಿ ಇಲ್ಲ. ಕದ್ದು ಮಾಡಿದರೆ ಅರ್ಧ ಕೂಲಿ. ಅಲ್ಲೂ ಒಂದು ನೆಲಮಾಳಿಗೆ ಹುಡುಕಿ ಹಾಡಿದರು, ಮೂರು ಹಾಡು ಧ್ವನಿಮುದ್ರಣ ಮಾಡಿದರು. ಸಿರಿಯಾವೂ ಸರ್ವಾಧಿಕಾರದ ನಾಡೇ. ಅಪ್ಪನ ಗಾದಿ ಮಗನಿಗೆ ಬಂದಿತ್ತು. 2007ರಲ್ಲಿ ಅದು ಇರಾಕಿಗಳಿಗೆ ವೀಸಾ ಬಿಗಿ ಮಾಡಿತು. ವಾಪಸ್ಸು ಹೋದರೆ ಸಾವು. ಆಗ ಅವರು ಕೈಯಲ್ಲಿದ್ದ ವಾದ್ಯಗಳನ್ನು ಮಾರಿ ಇಸ್ತಾಂಬುಲ್ಲಿಗೆ ಹೋದರು. ಗಿಟಾರು ಮಾರಿ ಪ್ರಾಣ ಉಳಿಸಿಕೊಂಡ ಸಂಗೀತಗಾರನಿಗೆ ಉಳಿದದ್ದು ಏನು ಅಂತ ಕೇಳಬೇಡಿ, ಅವರು ಆಮೇಲೂ ಹಾಡಿದರು.

ಅವರ ಮೇಲಿನ ಸಾಕ್ಷ್ಯಚಿತ್ರ 'ಬಾಗ್ದಾದಿನಲ್ಲಿ ಹೆವಿ ಮೆಟಲ್' 2007ರಲ್ಲಿ ಟೊರಾಂಟೊದಲ್ಲಿ ತೆರೆ ಕಂಡಿತು. ಸುರೂಶ್ ಅಲ್ವಿ, ಎಡ್ಡಿ ಮೊರೆಟ್ಟಿ ತೆಗೆದ ಚಿತ್ರ. ಚಿತ್ರ ತೆಗೆದವರು ಸುಮ್ಮನೆ ಕೈ ತೊಳೆದುಕೊಳ್ಳಲಿಲ್ಲ, ನೋಡಿದವರಿಂದ ದುಡ್ಡು ಎತ್ತಿ ಕಳಿಸಿದರು. ಅದನ್ನು ಒಪ್ಪಿಕೊಳ್ಳೋಣ. ಆದರೆ ಲೆಕ್ಕ ನೋಡಿ. 2007ರ ಹೊತ್ತಿಗೆ ದೇಶ ಬಿಟ್ಟ ಇರಾಕಿಗಳು ಸುಮಾರು 20 ಲಕ್ಷ. ಆ ವರ್ಷದ ಸರ್ಕಾರಿ ಲೆಕ್ಕದಲ್ಲಿ ಅಮೆರಿಕ ನಿರಾಶ್ರಿತರೆಂದು ಒಳಗೆ ಬಿಟ್ಟುಕೊಂಡ ಇರಾಕಿಗಳು 1,608. ಬೆಂಕಿ ಇಟ್ಟವನು ಇಡೀ ಕೇರಿಗೆ ಒಂದು ಚೊಂಬು ನೀರು ಕೊಟ್ಟು ಪಟ ತೆಗೆಸಿಕೊಂಡ ಹಾಗಾಯಿತು. ಚಿತ್ರದಲ್ಲಿ ಕಂಡ ನಾಲ್ವರಿಗೆ ಕೊನೆಗೆ ಬಾಗಿಲು ತೆರೆಯಿತು. ಗಿಟಾರು ಬಾರದ, ಇಂಗ್ಲಿಷು ಬಾರದ, ಕ್ಯಾಮೆರಾ ಎದುರಿಗೆ ನಿಲ್ಲದ ಲಕ್ಷಾಂತರ ಜನ? ಸುಣ್ಣ ಬಳಿಯುವವನು, ಬ್ರೆಡ್ಡು ಸುಡುವವನು, ಬಟ್ಟೆ ಹೊಲಿಯುವವಳು? ಅವರ ಮೇಲೆ ಯಾರೂ ಚಿತ್ರ ತೆಗೆಯಲಿಲ್ಲ.

ಸರ್ವಾಧಿಕಾರಿಗಳಿಂದ ಹಾಡುವವರನ್ನು ಕಾಪಾಡುವುದೇ ಅಮೆರಿಕದ ಕಸುಬಾಗಿದ್ದರೆ ಅದಕ್ಕೆ ಮೊದಲೇ ಅವಕಾಶಗಳಿದ್ದವಲ್ಲ. 1997ರ ಜನವರಿಯಲ್ಲಿ ಈಜಿಪ್ಟಿನಲ್ಲಿ ಸುಮಾರು ನೂರು ಹುಡುಗ ಹುಡುಗಿಯರನ್ನು ಪೊಲೀಸರು ಮನೆಗಳಿಂದ ಎಬ್ಬಿಸಿ ಎಳೆದೊಯ್ದರು. ತಪ್ಪು? ಹೆವಿ ಮೆಟಲ್ ಕೇಳುವುದು. ಆದ್ದರಿಂದ ಸೈತಾನನ ಪೂಜೆ. ಪಶ್ಚಾತ್ತಾಪ ಪಡದಿದ್ದರೆ ಮರಣವೇ ಶಿಕ್ಷೆ ಎಂಬ ಮಾತೂ ದೇಶದ ದೊಡ್ಡ ಮುಫ್ತಿಯಿಂದ ಬಂತು. ಸಾಕ್ಷಿ ಸಿಗದೆ ಕೊನೆಗೆ ಬಿಟ್ಟರು. 2003ರಲ್ಲಿ ಮೊರಾಕ್ಕೊದ ಕಾಸಾಬ್ಲಾಂಕಾದಲ್ಲಿ ಹದಿನಾಲ್ಕು ಜನರಿಗೆ ಅದೇ ಗತಿ, ಒಂದು ತಿಂಗಳಿಂದ ಒಂದು ವರ್ಷದವರೆಗೆ ಜೈಲು. ಅಲ್ಲಿನ ನ್ಯಾಯಾಧೀಶ ಮಹಾಶಯರಿಗೆ ಕರೀ ಅಂಗಿಯೇ ಸಾಕ್ಷಿ. ಸರಿಯಾದ ಮನುಷ್ಯರು ಕಚೇರಿ ಕೇಳಲು ಕೋಟು ಟೈ ಹಾಕಿಕೊಂಡು ಹೋಗುತ್ತಾರಂತೆ! ಅಲ್ಲಿ ಹುಡುಗರನ್ನು ಬಿಡಿಸಿದ್ದು ಯಾವ ವಿಮಾನವಾಹಕ ಹಡಗೂ ಅಲ್ಲ. ಊರಿನವರು, ಸಂಗೀತಗಾರರು, ಪತ್ರಕರ್ತರು ಬೀದಿಗಿಳಿದರು; ಮೇಲ್ಮನವಿಯಲ್ಲಿ ಹೆಚ್ಚಿನವರು ಬಿಡುಗಡೆಯಾದರು. ಮುಬಾರಕನೂ ಮೊರಾಕ್ಕೊದ ರಾಜನೂ ಅಮೆರಿಕದ ಆಪ್ತರು. ಅವರ ಪ್ರತಿಮೆ ಎಳೆದು ಉರುಳಿಸಲು ಟ್ಯಾಂಕು ಹೊರಡಲಿಲ್ಲ.

2009ರ ಆರಂಭದಲ್ಲಿ ಅಕ್ರಾಸಿಕಾಡ ನ್ಯೂಜೆರ್ಸಿಯಲ್ಲಿತ್ತು. ನ್ಯೂಅರ್ಕಿನಲ್ಲಿ ಮೆಟಾಲಿಕಾ ಕಚೇರಿ. ಹುಡುಗರನ್ನು ವೇದಿಕೆಯ ಹಿಂದಕ್ಕೆ ಕರೆದೊಯ್ದರು. ಮೆಟಾಲಿಕಾದ ಹಾಡುಗಾರ ಜೇಮ್ಸ್ ಹೆಟ್‌ಫೀಲ್ಡ್ ತನ್ನದೇ ಒಂದು ಕರೀ ಗಿಟಾರು ತೆಗೆದು, ಅದರ ಮೇಲೆ 'ಅಮೆರಿಕಕ್ಕೆ ಸ್ವಾಗತ' ಅಂತ ಬರೆದು ಕೊಟ್ಟ. ಹುಡುಗರ ಕಣ್ಣು ತುಂಬಿರಬೇಕು. ನನ್ನದೂ ತುಂಬುತ್ತಿತ್ತು, ಇನ್ನೊಂದು ವಿಷಯ ಗೊತ್ತಿಲ್ಲದಿದ್ದರೆ. ಇದೇ ಹೆಟ್‌ಫೀಲ್ಡ್ 2004ರಲ್ಲಿ ಒಂದು ರೇಡಿಯೋ ಸಂದರ್ಶನದಲ್ಲಿ, ಇರಾಕಿನ ಕೈದಿಗಳ ಮೇಲೆ ತಮ್ಮ ಹಾಡು ಪ್ರಯೋಗಿಸಿದ್ದರ ಬಗ್ಗೆ ಕೇಳಿದಾಗ, ಆಯ್ಕೆ ಮಾಡಿಕೊಂಡದ್ದು ನಮ್ಮನ್ನು ಅಂತ ಒಂದು ಪಾಲು ಹೆಮ್ಮೆಯೂ ಇದೆ ಎಂಬರ್ಥದ ಮಾತಾಡಿದ್ದ. ಅವನು ಕೆಟ್ಟ ಮನುಷ್ಯ ಅಂತ ನನಗನ್ನಿಸುವುದಿಲ್ಲ. ಗಿಟಾರು ಕೊಟ್ಟ ಕೈ ಸುಳ್ಳಲ್ಲ. ಆದರೆ ಆ ಕೈಗೆ ತನ್ನ ಹಾಡು ಯಾವ ಕೋಣೆಗೆ ಹೋಗಿ ಬಂತು ಅನ್ನುವ ಅಂಜಿಕೆ ಇರಲಿಲ್ಲ. ತನ್ನ ತಂತಿ ತನ್ನ ಕೈ ತಪ್ಪಿ ಸೈನ್ಯದ ಚಾಟಿಯಾಗಿರುವುದು ಕಂಡಾಗ ಹೆಮ್ಮೆ ಹುಟ್ಟುವುದು ಹೇಗಯ್ಯಾ?

ಹುಡುಗರು ಆ ಗಿಟಾರು ಹಿಂದಿರುಗಿಸಬೇಕಿತ್ತು ಅಂತ ನಾನು ಹೇಳುವುದಿಲ್ಲ. ವಾದ್ಯ ಮಾರಿ ಬಂದವರಿಗೆ ವಾದ್ಯ ಬೇಕು. ಊಟದ ಮುಂದೆ ಕುಳಿತವನಿಗೆ ಸಿದ್ಧಾಂತ ಹೇಳುವ ಜಾಯಮಾನ ನನ್ನದಲ್ಲ. ಜಗಳ ಇರುವುದು ಪಟ ತೆಗೆದವರ ಜೊತೆ. ಆ ಒಂದು ಪಟ ಹಿಡಿದುಕೊಂಡು, ನೋಡಿದಿರಾ, ಯುದ್ಧ ಸಾರ್ಥಕವಾಯಿತು ಅಂತ ನಂಬಿಸಲು ಹೊರಟವರ ಜೊತೆ.

ಅವರು ಪಟದ ಹಾಗೆ ನಗುತ್ತಾ ಉಳಿಯಲಿಲ್ಲ. 2010ರಲ್ಲಿ ನಾಲ್ಕು ಹಾಡುಗಳ ಒಂದು ಸಣ್ಣ ಸಂಗ್ರಹ ತಂದರು. ಯುದ್ಧದ ಕೊನೆ ನೋಡುವವರು ಸತ್ತವರು ಮಾತ್ರ ಅನ್ನುವ ಅರ್ಥದ ಹೆಸರು ಅದಕ್ಕೆ. ಸ್ವಾಗತ ಕೋರಿದ ದೇಶಕ್ಕೆ ಕೊಟ್ಟ ಮೊದಲ ಉಡುಗೊರೆ ಅದು! ಆಮೇಲೆ ಐದು ವರ್ಷ ಬೇಕಾಯಿತು ಪೂರ್ತಿ ಸಂಗ್ರಹ ಒಂದನ್ನು ತರಲು. ಹೊಟ್ಟೆಪಾಡು ನೋಡಿಕೊಂಡು, ಕೇಳುಗರಿಂದ ಪುಡಿಕಾಸು ಕೂಡಿಸಿ 2015ರಲ್ಲಿ ತಂದರು. ಹೆಸರು 'ಗಿಲ್ಗಮೇಶ್'. ತಮ್ಮದೇ ನೆಲದ, ನಾಲ್ಕು ಸಾವಿರ ವರ್ಷದ ಹಿಂದೆ ಹಸಿ ಮಣ್ಣಿನ ಹಲಗೆಗಳ ಮೇಲೆ ಬರೆದಿಟ್ಟ ಕಥೆಯ ನಾಯಕ. ಉರುಕ್ ಪಟ್ಟಣದ ದೊರೆ, ಮೊದಮೊದಲು ಊರಿನ ಹುಡುಗರನ್ನು ಹಿಂಸೆ ಮಾಡಿದವನು, ಗೆಳೆಯ ಸತ್ತಮೇಲೆ ಸಾವಿಗೆ ಹೆದರಿ ಅಲೆದವನು. ಮತ್ತೆ ದೊರೆಯ ಹೆಸರೇ ಬಂತಲ್ಲ ಅಂತ ಮೇಷ್ಟ್ರು ಕೊಂಕು ತೆಗೆಯಬಹುದು. ಬಂತು, ಹೌದು. ಈ ಸಲ ಹೇಳಿ ಬರೆಸಿದವರು ಯಾರೂ ಇರಲಿಲ್ಲ.